ಚಾವಿ ತೆಗೆದರೂ ಉರಿಯುತ್ತಿದ್ದ ಲೈಟು

ನನ್ನ ಮೊಮ್ಮಗಳ ಮೇಲೆ ಹೊರಿಸಿದ ಆ ತಪ್ಪು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆಗ ಅವಳಿಗೆ ಮೂರು ವರ್ಷ ತುಂಬಿತ್ತೋ ಇಲ್ಲವೋ. ಈಗ ಅವಳೇ ಗಾಡಿ ಹೊಡೆಯುತ್ತಾಳೆ, ನನ್ನನ್ನು ಹಿಂದೆ ಕೂಡಿಸಿಕೊಂಡು ಬಜಾರಕ್ಕೆ ಒಯ್ಯುತ್ತಾಳೆ, ನನಗೆ ಆನಂದಕ್ಕೆ ರಸ್ತೆ ಕಾಣುವುದಿಲ್ಲ. ಆದರೂ ಆ ಸಿಟ್ಟು ಹೋಗಿಲ್ಲ. ನಾನು ಕಲಿತದ್ದು ಮೂರನೇ ಇಯತ್ತೆ. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ಕೂಸಿನ ತಪ್ಪಿರಲಿಲ್ಲ ಅನ್ನುವುದನ್ನು ಮಾತ್ರ ಯಾರೂ ತಿದ್ದಬೇಡಿ.

ನಾವು ಇಳಕಲ್ಲಿನ ನೇಕಾರರು. ನನ್ನ ಮಗ ಸೀರೆಯ ಗಂಟು ಕಟ್ಟಿಕೊಂಡು ಹುನಗುಂದ, ಬಾಗಲಕೋಟೆ, ಬಾದಾಮಿ ಅಂತ ಅಂಗಡಿ ಅಂಗಡಿ ತಿರುಗುತ್ತಿದ್ದ. ಅದಕ್ಕಂತಲೇ ಒಂದು ದೊಡ್ಡ ಮೋಟಾರ್‌ಸೈಕಲ್ ತಗೊಂಡ, ಗುಂಡಿ ಒತ್ತಿದರೆ ಚಾಲೂ ಆಗುವಂಥದ್ದು. ಎರಡೂ ಬದಿಗೆ ಗಂಟು ಇಡಲು ಕಬ್ಬಿಣದ ಸ್ಟ್ಯಾಂಡು ಮಾಡಿಸಿದ. ಸಂಜೆ ತಿರುಗಿ ಬರುವಾಗ ಕಲ್ಲು ಹೇರಿಕೊಂಡ ಲಾರಿಗಳು ಎದುರಾದರೆ ದಾರಿ ಕಾಣುವುದಿಲ್ಲ ಅಂತ ಮುಂದೆ, ಕೆಳಗಡೆ, ಒಂದು ಹಳದಿ ಲೈಟನ್ನೂ ಹಾಕಿಸಿದ. ಹ್ಯಾಂಡಲ್ ಹತ್ತಿರ ಅದಕ್ಕೆ ಬೇರೆಯೇ ಒಂದು ಕೆಂಪು ಸ್ವಿಚ್ಚು. ಬಸ್ ಸ್ಟ್ಯಾಂಡ್ ಕಡೆಯ ವೈರಿಂಗ್ ಅಂಗಡಿಯವ ಅದನ್ನು ಹಚ್ಚಿಕೊಟ್ಟವ.

ಗಾಡಿ ಮನೆಯಲ್ಲಿದ್ದಷ್ಟು ಹೊತ್ತು ಅದು ನನ್ನ ಮೊಮ್ಮಗಳದು. ಪಡಸಾಲೆಯಲ್ಲಿ ಮಗ್ಗದ ಬಾಜೂಕ ನಿಲ್ಲಿಸುತ್ತಿದ್ದೆವು. ನಾನು ಕಂಡಿಕೆಗೆ ನೂಲು ಸುತ್ತುತ್ತ ಕೂತರೆ ಅವಳು ಸೀಟಿನ ಮೇಲೆ ಹತ್ತಿ, ಬಾಯಿಂದಲೇ ಗಾಡಿ ಹೊಡೆದುಕೊಂಡು ಬಾದಾಮಿಗೆ ಹೋಗುತ್ತಿದ್ದಳು. ಬಾದಾಮಿಯಲ್ಲಿ ಮಂಗ್ಯಾ ಅದಾವು, ಬರುವ ರವಿವಾರ ಕರಕೊಂಡು ಹೋಗತೇನಿ ಅಂತ ಅವರಪ್ಪ ಮಾತು ಕೊಟ್ಟಿದ್ದ. ಓಣಿಗೆಲ್ಲ ಸಾರಿ ಬಂದಿದ್ದಳು. ಹಾರನ್ ಒತ್ತುವಳು, ದೊಡ್ಡ ಲೈಟಿನ ಗುಂಡಿ ಸರಿಸುವಳು, ಏನೂ ಆಗುತ್ತಿರಲಿಲ್ಲ. ‘ಚಾವಿ ನನ್ನ ಕಿಸೇದಾಗ ಐತಿ, ಏನ್ ಬೇಕಾದ್ದು ಒತ್ತವ್ವ’ ಅಂತ ಹೇಳಿ ಕಲಿಸಿದವನೂ ಅವರಪ್ಪನೇ.

ಹಳದಿ ಲೈಟು ಹಚ್ಚಿಸಿದ ಹೊಸತರಲ್ಲೇ, ಒಂದು ಸಂಜೆ ಇನ್ನೂ ಬಿಸಿಲಿರುವಾಗ, ಮಗ ಗಾಡಿ ತಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಕೂಸು ಹತ್ತಿ ಇಳಿದ ಮೇಲೆ ನೂಲಿನ ಧೂಳು ಕೂಡಬಾರದು ಅಂತ ಮೇಲೆ ಹಳೆಯ ಚಾದರ ಹೊದಿಸಿದ. ಮರುದಿನ ಮುಂಜಾನೆ ಬಾಗಲಕೋಟೆಗೆ ಹೊರಡಬೇಕು, ಗುಂಡಿ ಒತ್ತಿದರೆ ಟಿಕ್ ಅಂತ ಅಷ್ಟೇ. ಕಿಕ್ ಹೊಡೆದ, ಹೊಡೆದ, ಅಂಗಿ ಬೆವರಿಗೆ ತೊಯ್ದಿತು. ಬಗ್ಗಿ ನೋಡಿದರೆ ಹಳದಿ ಲೈಟಿನೊಳಗೆ ಬೀಡಿಯ ತುದಿಯಷ್ಟು ಕೆಂಪು ಉಳಿದಿತ್ತು. ರಾತ್ರಿಯೆಲ್ಲ ಚಾದರದ ಕೆಳಗೆ ಉರಿದು ಬ್ಯಾಟರಿ ಕುಡಿದುಬಿಟ್ಟಿತ್ತು.

‘ಯಾರು ಒತ್ತಿದವರು?’

‘ನಾ’ ಅಂದಳು, ಎದೆ ಮುಂದೆ ಮಾಡಿಕೊಂಡು. ಸುಳ್ಳು ಗೊತ್ತಿಲ್ಲದ ಕೂಸು.

ಒತ್ತಿದ ಆ ಕೈಗೇ ಮಗ ಒಂದು ಏಟು ಕೊಟ್ಟ. ‘ರವಿವಾರ ಬಾದಾಮಿ ಇಲ್ಲ, ಏನಿಲ್ಲ. ಇನ್ನ ಗಾಡಿ ಮುಟ್ಟಿದ್ರ ನೋಡ.’

ಅವಳು ಅಳಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅತ್ತಿದ್ದರೆ ನಾನು ಇಷ್ಟು ಕೆರಳುತ್ತಿರಲಿಲ್ಲ. ಕಂಡಿಕೆ ಅಲ್ಲೇ ಒಗೆದು ಎದ್ದೆ.

‘ಚಾವಿ ಇಲ್ಲಂದ್ರ ಏನೂ ಆಗೂದಿಲ್ಲಂತ ಹೇಳಿದವ ನೀನ. ಈಗ ಆತು ಅಂದ್ರ ತಪ್ಪು ಯಾರದಲೇ?’

‘ಯವ್ವ, ಅದು ಬ್ಯಾರೆ ಸ್ವಿಚ್ಚು. ನಿನಗ ತಿಳಿಯೂದಿಲ್ಲ, ಸುಮ್ನಿರು.’

‘ನನಗ ತಿಳಿಯೂದಿಲ್ಲ, ಮೂರು ವರ್ಷದ ಕೂಸಿಗಿ ತಿಳೀಬೇಕಾಗಿತ್ತೇನು?’

ಒಳಗೆ ಸೊಸೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮಗ ಗಾಡಿ ದಬ್ಬಿಕೊಂಡು ವೈರಿಂಗ್ ಅಂಗಡಿಗೆ ಹೊರಟ. ನಾನು ಕೂಸನ್ನು ಟೊಂಕದ ಮೇಲೆ ಕೂಡಿಸಿಕೊಂಡು ಹಿಂದೆಯೇ ಹೋದೆ.

ಅಂಗಡಿಯವ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಎಲ್ಲ ಕೇಳಿ ನಕ್ಕ. ‘ಬ್ಯಾಟರಿಗೆ ಡೈರೆಕ್ಟ್ ಕೊಟ್ಟೇನ್ರಿ. ಎಲ್ಲಾರಿಗೂ ಹಂಗ ಕೊಡ್ತೇನಿ. ಸಣ್ಣ ಹುಡುಗ್ರ ಕೈಯಾಗ ಗಾಡಿ ಬಿಡಬಾರದ್ರಿ ಅಮ್ಮಾರ.’

ಅವನೂ ತಪ್ಪನ್ನು ಕೂಸಿನ ಮೇಲೆಯೇ ಹಾಕಿದ. ನನಗೆ ಸಿಟ್ಟು ನೆತ್ತಿಗೇರಿತು.

‘ಚಾವಿ ಇಲ್ದ ಹಾರನ್ ಯಾಕ ಒದರೂದಿಲ್ಲಪಾ?’

‘ಅದು ಚಾವಿ ಮ್ಯಾಲಿನ ವೈರ್ ರೀ. ಚಾವಿ ತಿರುವಿದ್ರಷ್ಟ ಅದಕ್ಕ ಕರೆಂಟು.’

‘ಮತ್ತ ಈ ಲೈಟ್ ಅದಕ್ಕ ಯಾಕ ಜೋಡಿಸಲಿಲ್ಲ?’

ತಲೆ ಕೆರೆದುಕೊಂಡ. ‘ಆ ವೈರ್ ಸಣ್ಣದ್ರಿ, ಇಷ್ಟು ದೊಡ್ಡ ಲೈಟಿನ ಭಾರ ತಡ್ಯಾಂಗಿಲ್ಲ. ನಡುವ ರಿಲೇ ಹಾಕಬೇಕ. ಅಷ್ಟೆಲ್ಲ ಯಾರೂ ಕೇಳೂದಿಲ್ಲ.’

‘ನಾ ಕೇಳಾಕತ್ತೇನಲಾ.’

‘ಹೊತ್ತು ಹಿಡೀತೈತ್ರಿ.’

‘ಹಿಡೀಲಿ. ಎದ್ದೇಳು, ನಾ ಕುಂದ್ರತೇನಿ.’

ಸ್ಟೂಲು ನನಗೆ ಬಂತು. ಅವ ಮೊದಲು ಬ್ಯಾಟರಿ ತೆಗೆದು ಚಾರ್ಜಿಗೆ ಹಚ್ಚಿದ. ಆಮೇಲೆ ಹಾರನ್ನಿಗೆ ಹೋಗುವ ವೈರನ್ನು ಹುಡುಕಿ, ಒಂದಿಷ್ಟು ಸಿಪ್ಪೆ ಸುಲಿದು, ಅದಕ್ಕೊಂದು ಸಣ್ಣ ವೈರು ಬೆಸುಗೆ ಹಾಕಿ, ಟೇಪು ಸುತ್ತಿದ. ಆ ಸಣ್ಣ ವೈರು ಬೆಂಕಿಪೆಟ್ಟಿಗೆಗಿಂತ ಸಣ್ಣದೊಂದು ಕರಿ ಡಬ್ಬಿಗೆ ಹೋಯಿತು. ಅದೇ ರಿಲೇಯಂತೆ. ಚಾವಿ ತಿರುವಿ ಸ್ವಿಚ್ ಒತ್ತಿದರೆ ಡಬ್ಬಿ ಒಳಗೇ ಟಕ್ ಅಂದು ಬ್ಯಾಟರಿಯ ಕರೆಂಟನ್ನು ಲೈಟಿಗೆ ಬಿಡುತ್ತದೆ, ಚಾವಿ ತೆಗೆದರೆ ಬಂದ್ ಮಾಡುತ್ತದೆ. ಸೀರೆಯ ಒಡಲಿಗೆ ಸೆರಗಿನ ನೂಲು ಜೋಡಿಸುವುದರಲ್ಲೇ ನನ್ನ ಆಯುಷ್ಯ ಹೋಗಿದೆ. ಈಗ ಮಾಡಿದ್ದು ಜೋಡಣೆ. ಮೊದಲು ಮಾಡಿದ್ದು ಬರೀ ಗಂಟು. ಆ ಗಂಟಿಗಾಗಿ ನನ್ನ ಕೂಸು ಏಟು ತಿಂದಿತ್ತು.

‘ಬಾ ತಂಗಿ, ಒತ್ತಿ ನೋಡ’ ಅಂದ ಅಂಗಡಿಯವ.

ಅವಳ ಕೈ ಬೆನ್ನ ಹಿಂದಿನಿಂದ ಬರಲೇ ಇಲ್ಲ. ಗಾಡಿಯನ್ನು ನೋಡುತ್ತಾಳೆ, ಅಪ್ಪನನ್ನು ನೋಡುತ್ತಾಳೆ, ನನ್ನ ಸೀರೆಗೆ ಒತ್ತಿ ನಿಲ್ಲುತ್ತಾಳೆ.

‘ವೈರ್ ಸರಿ ಮಾಡಿಸಿದಿ. ಈಗ ಈ ಕೈ ಸರಿ ಮಾಡು’ ಅಂದೆ ಮಗನಿಗೆ.

‘ಏನ್ ಮಾಡ್ಲಿ ಯವ್ವ? ಹೇಳಿದ್ರ ಆಕಿಗೇನ್ ತಿಳೀತೈತಿ?’

‘ಹೊಡೆದದ್ದು ತಿಳದೈತಿ. ಇದೂ ತಿಳೀತೈತಿ.’

ಪಕ್ಕದ ಚಹಾದಂಗಡಿಯಲ್ಲಿ ಕೂತವರೆಲ್ಲ ನೋಡುತ್ತಿದ್ದರು. ಮಗ ಸುತ್ತ ಒಮ್ಮೆ ನೋಡಿ, ಅವಳ ಮುಂದೆ ತುದಿಗಾಲಲ್ಲಿ ಕೂತ. ‘ತಪ್ಪು ನಿಂದಲ್ಲವ್ವ. ವೈರಿಂದು.’

ಅವಳು ಬಗ್ಗಿ ವೈರನ್ನು ನೋಡಿದಳು. ‘ಹಂಗಾರ ವೈರಿಗಿ ಹೊಡಿ.’

ಹೊಸ್ತಿಲು ಎಡವಿ ಬಿದ್ದರೆ ನಾವು ಹೊಸ್ತಿಲಿಗೆ ಹೊಡೆದು ತೋರಿಸುತ್ತೇವಲ್ಲ, ಅದನ್ನು ಅವಳು ಮರೆತಿರಲಿಲ್ಲ. ಮಗ ವೈರಿಗೆ ಒಂದು ಕೊಟ್ಟ.

‘ಇನ್ನೊಂದು.’

ಇನ್ನೊಂದು ಕೊಟ್ಟ. ‘ನನ್ನ ಪಾಳಿ ಬರೂದ್ರೊಳಗ ನಾ ಒಳಗ ಹೋಗತೇನ್ರಿ’ ಅಂದ ಅಂಗಡಿಯವ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಕೈ ಹೊರಗೆ ಬಂತು. ಕೆಂಪು ಸ್ವಿಚ್ಚು ಒತ್ತಿದಳು. ಚಾವಿ ಮಗನ ಕಿಸೆಯಲ್ಲಿತ್ತು, ಲೈಟು ಬರಲಿಲ್ಲ.

ರವಿವಾರ ಹೋದೆವು. ಮುಂದೆ ಪೆಟ್ರೋಲ್ ಟಾಕಿಯ ಮೇಲೆ ಅವಳು, ನಡುವೆ ಮಗ, ಹಿಂದೆ ನಾನು. ಗುಡೂರು ದಾಟುವುದರೊಳಗೆ ಸ್ವಿಚ್ ಒತ್ತಿದ್ದಳು. ಹಾಡುಹಗಲಲ್ಲಿ ಹಳದಿ ಲೈಟು. ಎದುರು ಬಂದ ಲಾರಿಯವರು ಕೈ ಮುಚ್ಚಿ ಬಿಚ್ಚಿ ಲೈಟ್ ಆರಿಸು ಅಂತ ಸನ್ನೆ ಮಾಡಿದರು. ಅವಳು ಅವರಿಗೆಲ್ಲ ಟಾಟಾ ಮಾಡಿದಳು. ಮಗ ಆರಿಸಲಿಲ್ಲ. ನಾನೂ ಹಿಂದಿನಿಂದ ಬಿಡುತ್ತಿರಲಿಲ್ಲ ಅನ್ನಿ.

ಬಾದಾಮಿಯಲ್ಲಿ ಗಾಡಿ ನಿಲ್ಲಿಸಿ ಚಾವಿ ತೆಗೆದ. ಲೈಟು ಪಟ್ಟನೆ ಆರಿತು. ಎದುರಿಗೆ ಗೋಡೆಯ ಮೇಲೆ ಮಂಗ್ಯಾಗಳ ಸಾಲೇ ಕೂತಿತ್ತು, ಅವಳು ಅತ್ತ ನೋಡಲಿಲ್ಲ. ತಿರುಗಿ ನನ್ನನ್ನು ನೋಡಿ, ಎರಡೂ ಕೈ ಎತ್ತಿ ತೋರಿಸಿದಳು.

‘ಆಯಿ, ನಾ ಆರ್ಸಿಲ್ಲ.’

‘ಗೊತ್ತೈತವ್ವ’ ಅಂದೆ, ಅವಳಿಗಲ್ಲ, ಮಗನ ಮುಖ ನೋಡಿಕೊಂಡು. ಅವ ಮಗಳನ್ನು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡು, ಚಾವಿಯನ್ನು ಅವಳ ಕೈಗೇ ಕೊಟ್ಟ.