ಮಣ್ಣಿಗೆ ಬಂದವರ ಪಟ್ಟಿ

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಕಪ್ಪಾಗಿತ್ತು. ಬ್ಯಾನರಿನ ಅಂಚಿಗೆ ಹಗ್ಗದ ತೂತು ಹೊಡೆಯುವಾಗ ಸುತ್ತಿಗೆ ಅದರ ಮೇಲೆ ಎಷ್ಟು ಸಲ ಬಿದ್ದಿತ್ತೋ ಅವರಿಗೇ ನೆನಪಿರಲಿಲ್ಲ. ಅದೇ ಹೆಬ್ಬೆರಳಲ್ಲಿ ಫೋನು ಉಜ್ಜುತ್ತ, ಊರಿನ ಸಾವುಗಳನ್ನು ಒಂದೊಂದಾಗಿ ಮೇಲೆ ಸರಿಸುತ್ತಿದ್ದರು.

ಜಹೀರಾಬಾದಿನಲ್ಲಿ ಅವರದು ಫ್ಲೆಕ್ಸ್ ಅಂಗಡಿ. ಜೊತೆಗೆ ಫೇಸ್‌ಬುಕ್ಕಿನಲ್ಲಿ ಊರಿನದೊಂದು ಪೇಜು ನಡೆಸುತ್ತಿದ್ದರು. ಯಾರು ತೀರಿಕೊಂಡರೂ ಸುದ್ದಿ ಮೊದಲು ಅಲ್ಲಿಗೇ ಬರುತ್ತಿತ್ತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತು ಬೈಸಿಕೊಳ್ಳುತ್ತಿದ್ದ ನನ್ನನ್ನು, ತೆಲುಗು ಕನ್ನಡ ಎರಡೂ ಟೈಪ್ ಮಾಡುತ್ತಾಳೆ ಅಂತ ಕೆಲಸಕ್ಕೆ ಕರೆದರು. ಸಂಬಂಧವೇನೂ ಇರಲಿಲ್ಲ, ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಅಂದೆ.

ಮೊದಲ ವಾರವೇ ಒಂದು ಉದ್ದನೆಯ ಪುಸ್ತಕ ಮುಂದಿಟ್ಟರು. ಶ್ರದ್ಧಾಂಜಲಿ ಪೋಸ್ಟಿಗೆ ಕಮೆಂಟ್ ಹಾಕಿದವರ ಹೆಸರನ್ನೆಲ್ಲ ನಾನು ಅದರಲ್ಲಿ ಬರೆಯಬೇಕು. ಅವರು ಸ್ಕೂಟರ್ ಹತ್ತಿ ಮಣ್ಣಿಗೆ ಹೋಗುವರು. ತಾವು ಬ್ಯಾನರ್ ಹಾಕಿದ ಯಾವ ಸಾವಿಗೂ ಅವರು ತಪ್ಪಿಸಿದ್ದಿಲ್ಲ, ಹೂಳುವವರಿರಲಿ, ಸುಡುವವರಿರಲಿ. ತಿರುಗಿ ಬಂದು ಕಾಲು ತೊಳೆದು, ಅಲ್ಲಿ ಕಂಡವರ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಟಿಕ್ ಹಾಕುವರು. ಕಮೆಂಟ್ ಹಾಕದೆಯೇ ಬಂದವರಿಗೆ ಹಾಳೆಯ ಕೆಳಗೆ ಒಂದೊಂದು ಗೀಟು.

"ಇವತ್ತ ನೂರಕ್ಕ ಆರು ಮಂದಿ, ತಂಗಿ" ಅನ್ನುವರು, ತರಕಾರಿ ದರ ಹೇಳಿದ ಹಾಗೆ. ನನಗೆ ಮೈ ಉರಿಯುತ್ತಿತ್ತು. ಹೆಣದ ಮುಂದೆ ನಿಂತು ತಲೆ ಎಣಿಸುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಪುಸ್ತಕದ ಮೊದಲ ಹಾಳೆಯಲ್ಲಿ ನ್ಯಾಲ್ಕಲ್ ಕಡೆಯ ಒಬ್ಬ ಸೂಲಗಿತ್ತಿ ಇದ್ದಳು. ಕಮೆಂಟುಗಳು ಬೆರಳೆಣಿಕೆಯಷ್ಟು. ಕೆಳಗೆ ಮಾತ್ರ ಗೀಟುಗಳು ತುಂಬಿ ಹಾಳೆಯ ಹಿಂಬದಿಗೂ ಹರಿದಿದ್ದವು. ಅವತ್ತು ಜೀಪಿನ ಮೇಲೆ ಜೀಪು ಬಂದಿತ್ತಂತೆ. "ಈಕಿನೇ ನಮ್ಮ ಅಳತಿ. ಉಳದವ್ರನ್ನ ಈಕಿ ಬಾಜೂ ಇಟ್ಟು ನೋಡು" ಅನ್ನುತ್ತಿದ್ದರು.

ಒಮ್ಮೆ ಧೈರ್ಯ ಮಾಡಿ, ಇದೆಲ್ಲ ಯಾಕೆ ಅಂತ ಕೇಳಿಯೇಬಿಟ್ಟೆ. ಕೊರೊನಾ ವರ್ಷ ಅವರ ಹೆಂಡತಿ ಹೋಗಿದ್ದರು. "ಪೇಜಿನ್ಯಾಗ ಓಂ ಶಾಂತಿ ಮುಗೀವಲ್ದಾಗಿತ್ತು. ಕುಣಿ ಹತ್ರ ನಾನು, ನನ್ನ ಮಗಳು, ಮುನ್ಸಿಪಾಲ್ಟಿಯವ್ರು ಇಬ್ರು. ಯಾರೂ ಬರೂ ಹಂಗಿರ್ಲಿಲ್ಲ, ಖರೆ. ನನಗ ಗೊತ್ತದ. ಆದ್ರ ಎಣಸೂದು ಬಿಡಾಕ ಆಗವಲ್ದು." ಆಮೇಲೆ ನಾನು ಸಿಟ್ಟು ಮಾಡಿಕೊಳ್ಳುವುದನ್ನು ಬಿಟ್ಟೆ.

ಒಂದು ದಿನ ನಾರಾಯಣಖೇಡದ ಕಡೆಯ ಒಬ್ಬ ಲೀಡರ್ ಬಂದ. ಅವನ ಅಪ್ಪ ಅವತ್ತೇ ತೀರಿಕೊಂಡಿದ್ದ. ಎದುರು ಪಾರ್ಟಿಯವನ ಅಪ್ಪನ ಪೋಸ್ಟನ್ನು ತನ್ನ ಫೋನಿನಲ್ಲಿ ತೆಗೆದು ತೋರಿಸಿದ. "ಇವರಪ್ಪಂದು ಎಷ್ಟು ಲೈಕ್ ಬಂದಾವ ನೋಡ್ರಿ. ನಮ್ಮಪ್ಪಂದು ಇದಕ್ಕ ಕಮ್ಮಿ ಆಗಬಾರ್ದು."

"ಆತ್ರಿ" ಅಂದರು ಕಾಕಾ. ಹೆಚ್ಚು ಮಂದಿಗೆ ಕಾಣಲಿ ಅಂತ ಫೇಸ್‌ಬುಕ್ಕಿಗೆ ರೊಕ್ಕ ಕಟ್ಟಿ ಪೋಸ್ಟನ್ನು ಬೂಸ್ಟ್ ಮಾಡಿದೆವು. ಕಂಡು ಕೇಳದ ಊರಿನವರೆಲ್ಲ ಕೈ ಮುಗಿದರು. ಸಂಜೆ ಕಾಕಾ ತಿರುಗಿ ಬಂದು ಪೆನ್ನು ತೆಗೆದರೆ ಟಿಕ್ ಬಿದ್ದದ್ದು ಒಂದೇ ಒಂದು.

"ದೊಡ್ಡ ನಂಬರ್ ಅವರಿಗೆ ಕಳಸು. ಇದು ನಮ್ಮ ಹತ್ರನೇ ಇರ್ಲಿ. ಪಾಪ, ಅಪ್ಪ ಹೋಗ್ಯಾನ." ಪೆನ್ನಿನ ಟೊಪ್ಪಿ ಹಾಕುತ್ತ ನನ್ನ ಕಡೆ ನೋಡಿದರು. "ನಂದು ಎಣಸಾಕ ನಾ ಇರಂಗಿಲ್ಲ. ನೀ ಬರಬೇಕು ಮತ್ತ."

"ಬರ್ತೀನ್ರಿ ಕಾಕಾ, ಸುಮ್ನಿರ್ರಿ" ಅಂದೆ. ನಕ್ಕೇ ಅಂದೆ, ಆದರೆ ಮಾತು ಕೊಟ್ಟದ್ದು ಕೊಟ್ಟದ್ದೇ.

ಮುಂದೆ ಹೈದರಾಬಾದಿನ ಒಂದು ಜಾಹೀರಾತು ಕಂಪನಿಯ ಸಂದರ್ಶನದಲ್ಲಿ, ಜನ ಎಷ್ಟು ಸ್ಪಂದಿಸಿದರು ಅನ್ನುವ ಎಂಗೇಜ್‌ಮೆಂಟ್ ಅಳೆಯುವುದು ಹೇಗೆ ಅಂತ ಕೇಳಿದರು. ನೋಡಿದವರಲ್ಲಿ ಎದ್ದು ಬಂದವರು ಎಷ್ಟು ಮಂದಿ ಅಂತ ಎಣಿಸಬೇಕು ಅಂದೆ. ಕೆಲಸ ಸಿಕ್ಕಿತು. ಈಗ ಸೋಪಿನವರಿಗೂ ಬಟ್ಟೆಯವರಿಗೂ ಪ್ರತಿ ತಿಂಗಳು ವರದಿ ಮಾಡಿ ಕೊಡುತ್ತೇನೆ. ನಾನು ಉಣ್ಣುವ ಅನ್ನ ಕಾಕಾ ಕಲಿಸಿದ ವಿದ್ಯೆಯದು.

ಹೋದ ವರ್ಷ ಒಂದು ಬೆಳಿಗ್ಗೆ ಅವರ ಮಗಳು ಫೋನ್ ಮಾಡಿದಳು. "ಅಕ್ಕಾ, ಅಪ್ಪ ಹೋದ್ರು. ಮೂರಕ್ಕ ಮಣ್ಣು. ಪೇಜಿನ್ಯಾಗ ನೀವೇ ಹಾಕ್ರಿ, ನನ್ನ ಕೈಲೆ ಆಗವಲ್ದು."

ಅಳುತ್ತಲೇ ಬರೆದು ಹಾಕಿದೆ. ಮೊದಲ ಕಮೆಂಟ್ ನನ್ನದೇ. ಹೈದರಾಬಾದಿನಿಂದ ಹತ್ತರ ಬಸ್ಸು ಹಿಡಿದಿದ್ದರೆ ಆರಾಮಾಗಿ ಮುಟ್ಟುತ್ತಿದ್ದೆ. ಆದರೆ ಲೈಕುಗಳು ಏರತೊಡಗಿದವು, ಆ ಲೀಡರ್ ಅಪ್ಪನ ನಂಬರು ನೆನಪಾಯಿತು, ಕಾಕಾರದು ಅದಕ್ಕೆ ಕಡಿಮೆ ಆಗಬಾರದು ಅನ್ನಿಸಿತು. ಬೂಸ್ಟ್ ಮಾಡಿದೆ. ಫೋಟೋ ಬದಲಿಸಿದೆ. ಕೈ ಮುಗಿದವರಿಗೆಲ್ಲ ತಿರುಗಿ ಕೈ ಮುಗಿದೆ. ಒಂದು ಗಂಟೆಯ ಹೊತ್ತಿಗೆ ಲೀಡರ್ ಅಪ್ಪನನ್ನು ದಾಟಿದೆವು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಗಡಿಯಾರ ನೋಡಿದೆ.

ನಾನು ಮುಟ್ಟಿದಾಗ ಮಣ್ಣು ಮುಗಿದು ಜನ ಚದುರಿದ್ದರು. ಕುಣಿಯ ಮೇಲೆ ಬಿಲ್ವಪತ್ರೆ ಆಗಲೇ ಬಾಡಿತ್ತು. ಅವರ ಮನೆಗೆ ಹೋದೆ. ಬಾಗಿಲ ಬಳಿ ಕುರ್ಚಿಯ ಮೇಲೆ ಆ ಉದ್ದನೆಯ ಪುಸ್ತಕ, ಮೇಲೆ ಕೆಂಪು ಪೆನ್ನು.

"ಅಕ್ಕಾ ಬರ್ತಾಳ, ಎಣಸ್ತಾಳ ಅಂತ ಅಪ್ಪ ಹೇಳಿದ್ರು. ಮುಂಜಾನಿಂದ ಇಟ್ಟೀನ್ರಿ" ಅಂದಳು ಮಗಳು.

"ಯಾರ‍್ಯಾರು ಬಂದಿದ್ರವ್ವ?"

"ಅಳೂದ್ರಾಗ ನನಗ ಯಾರ ಮಾರೀನೂ ಕಾಣಲಿಲ್ಲಕ್ಕ."

ಪುಸ್ತಕ ಈಗ ನನ್ನ ಹತ್ತಿರವಿದೆ. ಕಮೆಂಟ್ ಹಾಕಿದವರ ಹೆಸರನ್ನೆಲ್ಲ ಕೂತು ಬರೆದೆ. ಹದಿನೇಳು ಹಾಳೆ ಹಿಡಿಯಿತು. ಯಾರು ಬಂದಿದ್ದರೋ, ಯಾರು ಬರಲಿಲ್ಲವೋ, ಇನ್ನು ಯಾರನ್ನು ಕೇಳಲಿ? ಖಾತ್ರಿಯಾಗಿ ಹೇಳಬಹುದಾದದ್ದು ಒಂದೇ ಹೆಸರಿನ ಮಾತು. ಅದು ಪಟ್ಟಿಯಲ್ಲಿ ಮೊದಲನೆಯದು, ಮೊದಲು ಕಮೆಂಟ್ ಹಾಕಿದವಳದು. ಅವಳು ಬರಲಿಲ್ಲ.