ಇಳುಕಲಿನಲ್ಲಿ ಹಾರ್ನು ಒತ್ತದ ದುರ್ಗಪ್ಪ

ಬೇಲೆಕೇರಿಯಿಂದ ದುರ್ಗಪ್ಪ ಸೈಕಲ್ ಬಿಟ್ಟನೆಂದರೆ ಗಾಳಿ ಏದುಸಿರು ಬಿಡುತ್ತ ಅವನ ಹಿಂದೆ ಓಡಿಬರುತ್ತದೆ, ಹೆದ್ದಾರಿಯ ಅದಿರು ಲಾರಿಗಳು ಬದಿಗೆ ಸರಿದು ದಾರಿ ಕೊಡುತ್ತವೆ. ಈ ಮಾತಿನಲ್ಲಿ ಅರ್ಧ ಸುಳ್ಳು, ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಾಳಿ ಓಡಿಬರುವುದು ನಿಜ, ಕಡಲ ಗಾಳಿಗೆ ಬೇರೆ ಕೆಲಸವೇನಿದೆ? ಲಾರಿ ಮಾತ್ರ ಇವತ್ತಿನವರೆಗೆ ದಾರಿ ಕೊಟ್ಟಿಲ್ಲ. ಲಾರಿ ಕಂಡ ಕೂಡಲೇ ಸೈಕಲ್ ಸಮೇತ ಚರಂಡಿಗೆ ಇಳಿದು ನಿಲ್ಲುವವನು ದುರ್ಗಪ್ಪನೇ. ಅಂಕೋಲಾ ತಾಲೂಕಿನ ಯಾವ ಚರಂಡಿ ಎಷ್ಟು ಆಳ ಎಂಬುದು ಅವನನ್ನು ಬಿಟ್ಟರೆ ಕಪ್ಪೆಗಳಿಗೆ ಮಾತ್ರ ಗೊತ್ತು.

ಚೌತಿಯ ಗಣಪತಿ ನಿನ್ನೆ ಸಂಜೆ ನೀರಿಗೆ ಇಳಿದಿದ್ದಾನೆ. ಶ್ರಾವಣ ಪೂರ್ತಿ ಮೀನು ಮುಟ್ಟದ ಮನೆಗಳಲ್ಲಿ ಇವತ್ತು ಬೆಳಗಿನಿಂದಲೇ ಮಸಾಲೆ ಅರೆಯುತ್ತಿದ್ದಾರೆ. ಬೆಳಕು ಹರಿಯುವ ಹೊತ್ತಿಗೆ ದುರ್ಗಪ್ಪ ಹರಿಕಂತ್ರ ಬೇಲೆಕೇರಿಯಲ್ಲಿ ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಸೈಕಲ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾನೆ. ಹಿಂದಿನ ಕ್ಯಾರಿಯರ್ ಮೇಲೆ ಬಂಗಡೆ ತುಂಬಿದ ಪೆಟ್ಟಿಗೆ, ಮೇಲೆ ಐಸು, ಅದರ ಮೇಲೆ ಗೋಣಿ. ಎಲ್ಲ ಕಟ್ಟಿ ಮುಗಿದಿದೆ. ಆದರೂ ಹೊರಡುವುದಿಲ್ಲ. ಬ್ರೇಕ್ ಒತ್ತುತ್ತಾನೆ, ಬಿಡುತ್ತಾನೆ, ಬಗ್ಗಿ ನೋಡುತ್ತಾನೆ, ಮತ್ತೆ ಒತ್ತುತ್ತಾನೆ. ಹೆಣ್ಣು ನೋಡಲು ಬಂದವರೂ ಹುಡುಗಿಯನ್ನು ಇಷ್ಟು ಸಲ ನೋಡಲಿಕ್ಕಿಲ್ಲ.

"ಏ ದುರ್ಗಪ್ಪಾ, ಬ್ರೇಕಿನ ಪೂಜೆ ಮುಗೀತನಾ?" ಬೈಕಿನ ಮೇಲೆ ಮೀನು ಮಾರುವ ದತ್ತಾ ಪೆಟ್ಟಿಗೆ ಬಿಗಿಯುತ್ತ ಕೂಗುತ್ತಾನೆ. "ನಾ ಸುತ್ತು ಮುಗ್ಸಿ, ಊಟ ಮಾಡಿ, ಮಲಗಿ ಎದ್ರೂ ನೀ ಇಲ್ಲೇ ಇರ್ತೆ ಕಾಣ್ತದೆ."

"ನೀ ಹೋಗ್ ಮಾರಾಯಾ. ನಿಂಗೆ ಎಂಜಿನ್ ಅದೆ. ನನ್ ಜೀವ ಇರೂದು ಈ ರಬ್ಬರ್ ತುಂಡಿನ ಮೇಲೆ."

ದತ್ತಾ ನಗುತ್ತ ಹೊರಡುತ್ತಾನೆ. ದುರ್ಗಪ್ಪ ನಗುವುದಿಲ್ಲ. ಅವನ ಅಂಗೈ ಬೆವರಿದೆ. ಲುಂಗಿಗೆ ಒರೆಸಿಕೊಂಡರೂ ಮತ್ತೆ ಬೆವರುತ್ತದೆ.

ಇವನ ಹೆದರಿಕೆಗೆ ದೊಡ್ಡ ಚರಿತ್ರೆಯೇ ಇದೆ. ಅಪ್ಪ ದೋಣಿಯವನು. ಹದಿಹರೆಯದ ದುರ್ಗಪ್ಪನನ್ನು ಮೊದಲ ಸಲ ಅಳಿವೆ ದಾಟಿಸಿ ಕಡಲಿಗೆ ಒಯ್ದಾಗ ಎದುರಿಗೆ ಒಂದು ಅಲೆ ಎದ್ದು ನಿಂತಿತಂತೆ, ತೆಂಗಿನ ಮರದಷ್ಟು ಎತ್ತರ. ದೋಣಿಯ ಹಲಗೆ ತಬ್ಬಿಕೊಂಡವನು ದಡಕ್ಕೆ ಬಂದರೂ ಬಿಡಲಿಲ್ಲವೆಂದೂ, ಹಲಗೆ ಕಿತ್ತು ಅದರ ಸಮೇತ ಮನೆಗೆ ಹೊತ್ತು ತಂದರೆಂದೂ ಊರವರು ಹೇಳುತ್ತಾರೆ. ಹಲಗೆಯ ಮಾತು ಆಮೇಲೆ ಸೇರಿಸಿದ್ದಿರಬೇಕು. ಅಲೆಯಂತೂ ನಿಜ. ಆವತ್ತಿನಿಂದ ಅವನು ಕಡಲಿಗೆ ಇಳಿದಿಲ್ಲ. ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿ ಮೀನು ಮಾರುವವನಾದ.

"ದೋಣಿಗೆ ಬ್ರೇಕ್ ಇಲ್ಲ ಹೇಳಿ ಇವ್ರು ಸೈಕಲ್ ಹತ್ತಿದ್ದು," ಎನ್ನುತ್ತಾಳೆ ಹೆಂಡತಿ ಕುಸುಮಾ. "ಈಗ ಇದ್ರ ಬ್ರೇಕಿನ ಚಿಂತೆ. ನಿದ್ದೆಲೂ ಎರಡೂ ಮುಷ್ಟಿ ಬಿಗಿ ಹಿಡ್ಕಂಡೇ ಮಲಗೂದು. ಒಂದಿನ ನನ್ ಜಡೆನೇ ಬ್ರೇಕ್ ಹೇಳಿ ಎಳ್ದಿದ್ರು."

ನಗು ಮುಗಿದ ಮೇಲೆ ಅವಳೇ ದನಿ ತಗ್ಗಿಸುತ್ತಾಳೆ. "ಇವ್ರು ಮನೆಗೆ ಬರೂವರೆಗೆ ನಂಗೆ ಅನ್ನ ಇಳಿಯೂದಿಲ್ಲ. ಆ ಲಾರಿಗಳ್ನ ನೋಡಿದ್ರಲ್ಲ ನೀವು?"

ನೋಡದೆ ಇರುವುದು ಹೇಗೆ? ಅದಿರು ಸಾಗಿಸುವ ಲಾರಿಗಳು ಈ ಎರಡು ಮೂರು ವರ್ಷಗಳಲ್ಲಿ ಇರುವೆ ಸಾಲಿನ ಹಾಗೆ ಹೆದ್ದಾರಿ ತುಂಬಿವೆ. ರಸ್ತೆ ಬದಿಯ ಗಿಡಗಳ ಎಲೆ ಕೂಡ ಕೆಂಪು. ಬೆನ್ನ ಹಿಂದೆ ಒಂದು ಲಾರಿ ಬಂತೆಂದರೆ ಮೊದಲು ನೆಲ ನಡುಗುತ್ತದೆ, ಆಮೇಲೆ ಹ್ಯಾಂಡಲ್ ನಡುಗುತ್ತದೆ, ಕಡೆಗೆ ದುರ್ಗಪ್ಪ. ಹತ್ತಿರ ಹಾದುಹೋಗುವಾಗ ಅದರ ಗಾಳಿ ಸೈಕಲನ್ನು ಚಕ್ರದ ಕಡೆಗೆ ಎಳೆಯುತ್ತದೆ.

"ಆಗ ತಿರುಗಿ ನೋಡೂಕಾಗ. ನೋಡಿದ್ರೆ ಸೈಕಲ್ಲೂ ಆ ಕಡೆಗೇ ತಿರುಗ್ತದೆ," ಎಂದು ಅವನು ಹೇಳಿಕೊಡುತ್ತಾನೆ. "ಮೊಣಕೈ ಸಡಿಲ ಬಿಡ್ಬೇಕು. ಎದುರಿನ ರಸ್ತೆ ಮಾತ್ರ ನೋಡ್ಬೇಕು. ಮಳೆ ಬಿದ್ದು ಕೆಂಪು ಧೂಳು ಒದ್ದೆ ಆಗಿದ್ರೆ ಅದ್ರ ಮೇಲೆ ಬ್ರೇಕ್ ಒತ್ತೂದೇ ಬ್ಯಾಡ, ಬೆಣ್ಣೆ ಮೇಲೆ ಹೋದಾಂಗೆ. ಇನ್ನೊಂದು, ಮಳೇಲಿ ಇಳುಕಲು ಬರೂಕೂ ಮೊದ್ಲೇ ಬ್ರೇಕ್ ಮೆಲ್ಲಗೆ ಮುಟ್ಟಿ ಮುಟ್ಟಿ ಬಿಡ್ಬೇಕು. ರಿಮ್ಮಿನ ನೀರು ಒರೆಸಿ ಹೋಗ್ತದೆ."

ಇಷ್ಟು ಹೆದರುವವನು ರಜೆಯ ದಿನ ಮನೆಯಲ್ಲಿ ಸುಮ್ಮನೆ ಕೂರುತ್ತಾನೆ ಎಂದುಕೊಂಡರೆ ತಪ್ಪು. ಸೋಮವಾರ ಮೀನು ಕೇಳುವವರು ಕಡಿಮೆ. ಆವತ್ತು ಪೆಟ್ಟಿಗೆ ಬಿಚ್ಚಿಟ್ಟು, ಕಾರವಾರದ ಕೋಡಿಬಾಗದಲ್ಲಿರುವ ಹೆಂಡತಿಯ ತವರಿಗೆ ಹೋಗಿ ಚಾ ಕುಡಿದು, ಕಾಳಿ ನದಿಯ ದಂಡೆ ಹಿಡಿದು ಮಲ್ಲಾಪುರದ ಕಡೆಗೆ ಸೈಕಲ್ ತುಳಿಯುತ್ತಾನೆ. ಯಾರೂ ಕರೆದಿಲ್ಲ, ಯಾರೂ ಏನೂ ಕೊಡುವುದಿಲ್ಲ. ಅಲ್ಲಿಯ ವಿದ್ಯುತ್ ಸ್ಥಾವರದ ಕ್ವಾರ್ಟರ್ಸಿನ ಹುಡುಗ ನಿತೇಶ ಗೇರ್ ಸೈಕಲ್ ತಂದು ಜೊತೆಯಾಗುತ್ತಾನೆ. ಇಬ್ಬರೂ ಕಾಡಿನ ಚಡಾವು ಹತ್ತುತ್ತಾರೆ. ಹತ್ತುವಾಗ ನಿತೇಶ ಮುಂದೆ. ಇಳಿಯುವಾಗ ಇನ್ನೂ ಮುಂದೆ.

"ದುರ್ಗಪ್ಪಣ್ಣ ಇಳಿಯೂದು ನೋಡಿದ್ರೆ ಬಸವನಹುಳಕ್ಕೂ ಸಿಟ್ಟು ಬರ್ತದೆ, ಸೈಡ್ ಕೊಡಿ ಹೇಳ್ತದೆ," ಎಂದು ನಿತೇಶ ಕೀಟಲೆ ಮಾಡುತ್ತಾನೆ.

"ಅದು ಮುಂದೆ ಹೋಗ್ಲಿ. ತಿರುವಿನಲ್ಲಿ ಕಾಡುಕೋಣ ನಿಂತಿದ್ರೆ ಮೊದ್ಲು ಅದಕ್ಕೇ ಸಿಗ್ತದೆ," ಎನ್ನುತ್ತಾನೆ ದುರ್ಗಪ್ಪ. ಚಡಾವು ಎಂದರೆ ಮಾತ್ರ ಅವನ ಮುಖ ಅರಳುತ್ತದೆ. "ಹತ್ತುವಾಗ ಉಸಿರೊಂದು ಬಿಟ್ರೆ ಬೇರೆಂತದೂ ನೆನಪಿರೂದಿಲ್ಲ. ತುದಿ ಎಲ್ಲಿ ಅದೆ ಹೇಳಿ ನೋಡೂಕಾಗ, ಮುಂದಿನ ಚಕ್ರ ನೋಡ್ಕಂಡು ತುಳೀಬೇಕು. ಹೆದ್ರಿಕೆ ಹತ್ತೂದ್ರಲ್ಲಿ ಇಲ್ಲ. ಹತ್ತಿದ್ದೆಲ್ಲ ಇಳೀಬೇಕಲ್ಲ, ಅಲ್ಲಿ ಅದೆ."

ಇಳಿಯುವ ಹೆದರಿಕೆ ಅವನ ಎದೆಯಲ್ಲಿ ಗೂಡು ಕಟ್ಟಿದ್ದು ಹೋದ ವರ್ಷ, ಚೌತಿಯ ಇಂಥದ್ದೇ ಮರುದಿನ.

ದತ್ತಾ, ದುರ್ಗಪ್ಪ ಇಬ್ಬರೂ ಮೀನು ಒಯ್ಯುವ ಶೆಟಗೇರಿಗೆ ಎರಡು ದಾರಿ. ದತ್ತಾ ಹೆದ್ದಾರಿಯ ಬದಿಯ ಮನೆಗಳನ್ನೆಲ್ಲ ಮುಗಿಸಿ ಸುತ್ತುಬಳಸಿ ಬರುತ್ತಾನೆ. ದುರ್ಗಪ್ಪ ಗುಡ್ಡ ಹತ್ತಿ ನೇರ ಊರಿನ ಕೆಳಗಿನ ಕೇರಿಗೆ ಇಳಿಯುತ್ತಾನೆ. ಸೈಕಲ್ ಮೇಲೆ ಕೂತು ಇಳಿದರೆ ಅವನು ಮೊದಲು, ತಳ್ಳಿಕೊಂಡು ಇಳಿದರೆ ದತ್ತಾ ಮೊದಲು. ಕೆಳಗಿನ ಕೇರಿಯ ಹೆಂಗಸರದ್ದು ಒಂದು ಕಟ್ಟಳೆ ಇದೆ. ಚೌತಿಯ ಮರುದಿನ ಮೊದಲ ಮೀನು ಯಾರ ಪೆಟ್ಟಿಗೆಯದೋ, ಮುಂದಿನ ಚೌತಿಯವರೆಗೆ ಅವರದೇ ಮೀನು.

ಹೋದ ವರ್ಷ ಆವತ್ತು ಮಳೆ ಹನಿಯುತ್ತಿತ್ತು. ಇಳುಕಲಿನ ಅರ್ಧಕ್ಕೆ ಬಂದಾಗ ಹಿಂದಿನ ಬ್ರೇಕಿನ ಕಡ್ಡಿ ಟಕ್ ಎಂದು ಕಳಚಿತು. ಮುಂದಿನದನ್ನು ಒತ್ತಿದರೆ ನೆನೆದ ರಿಮ್ಮಿನ ಮೇಲೆ ಸಾಬೂನಿನ ಹಾಗೆ ಜಾರಿತು. ಬೆನ್ನ ಹಿಂದೆ ಬಂಗಡೆಯ ಭಾರ ದೂಡುತ್ತಿತ್ತು. ದಾರಿಯಲ್ಲಿದ್ದವರು ಸರಿಯಲಿ ಎಂದು ರಬ್ಬರ್ ಹಾರ್ನನ್ನು ಒಂದೇ ಸಮನೆ ಹಿಂಡಿದ, ಪೋಂಯ್, ಪೋಂಯ್, ಪೋಂಯ್.

ಒಂದು ತಿಂಗಳು ಮೀನು ಕಾಣದ ಕೇರಿಗೆ ಮೀನಿನವನ ಹಾರ್ನು ಕೇಳಿದರೆ ಏನಾಗುತ್ತದೆ? ಮೊದಲು ಬೆಕ್ಕುಗಳು ಬಂದವು. ಬೆಕ್ಕುಗಳ ಹಿಂದೆ ಹೆಂಗಸರು ತಾಟು, ಬೋಗುಣಿ ಹಿಡಿದು ರಸ್ತೆಗೇ ಇಳಿದರು. ಅವನು ಹೆದರಿ ಇನ್ನಷ್ಟು ಒತ್ತಿದ. ಒತ್ತಿದಷ್ಟೂ ಬಾಗಿಲುಗಳು ತೆರೆದವು. ಇವತ್ತು ಎಷ್ಟು ಕರೀತಾನಪ್ಪ ಇವ ಎಂದು ಹಿಂದೆ ಉಳಿದವರೂ ಓಡಿಬಂದರು. ಎಲ್ಲರಿಗಿಂತ ಮುಂದೆ, ನಡುರಸ್ತೆಯಲ್ಲಿ, ಇಳುಕಲಿನ ಬುಡದ ಮನೆಯ ಶಂಕರಿ ಆಯಿ.

ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇರುವ ಆಯಿ ತನ್ನ ವಯಸ್ಸು ನೂರಾ ಹತ್ತು ಎನ್ನುತ್ತಾಳೆ. ಎಪ್ಪತ್ತು ದಾಟಿರಬಹುದು. ಕಡೆಯ ಕ್ಷಣದಲ್ಲಿ ದುರ್ಗಪ್ಪ ಹ್ಯಾಂಡಲನ್ನು ಗದ್ದೆಯ ಕಡೆಗೆ ತಿರುಗಿಸಿದ. ಹ್ಯಾಂಡಲಿನ ತುದಿ ತಾಗಿ ಆಯಿ ಬಿದ್ದಳು, ಬಲಗೈ ಮಣಿಕಟ್ಟು ಮುರಿಯಿತು. ಅವನು ಭತ್ತದ ಕೆಸರಿನಲ್ಲಿ, ಬಂಗಡೆ ಗದ್ದೆ ತುಂಬ. ಕೆಸರಿನಿಂದ ತಲೆ ಎತ್ತಿದಾಗ ಆಯಿ ಬಿದ್ದಲ್ಲೇ ಮಲಗಿದ್ದಳು, ಅಲುಗಾಡುತ್ತಿರಲಿಲ್ಲ. ಹೋದಳು ಎಂದೇ ಅವನು ತಿಳಿದ.

ಆಮೇಲೆ ಆಯಿ ಕಣ್ಣು ತೆರೆದು ಕೇಳಿದಳಂತೆ, "ತಮಾ, ಬಂಗಡೆ ತಾಜಾ ಅದ್ಯಾ?"

ಗದ್ದೆಯಲ್ಲಿ ಆಯ್ದ ಮೀನು ಕಟ್ಟಳೆಗೆ ಬರುವುದಿಲ್ಲವೆಂದು ಕೇರಿ ತೀರ್ಮಾನಿಸಿತು. ವರ್ಷ ದತ್ತಾನ ಪಾಲಾಯಿತು. ದುರ್ಗಪ್ಪ ಆವತ್ತಿನಿಂದ ಆ ಇಳುಕಲಿನಲ್ಲಿ ಹಾರ್ನು ಒತ್ತಿಲ್ಲ, ಸೈಕಲ್ ಮೇಲೆ ಕೂತಿಲ್ಲ. ಬ್ರೇಕ್ ಹೊಸದು ಹಾಕಿಸಿದ, ಆದರೂ ತುದಿಗೆ ಬಂದ ಕೂಡಲೇ ಕಾಲು ತಾನಾಗಿ ನೆಲಕ್ಕೆ ಇಳಿಯುತ್ತದೆ. ತಳ್ಳಿಕೊಂಡು ಕೆಳಗೆ ಬರುವಷ್ಟರಲ್ಲಿ ಮನೆಮನೆಯಲ್ಲಿ ದತ್ತಾನ ಮೀನು ಕುದಿಯುತ್ತಿರುತ್ತದೆ. ಕಾಯುವವಳು ಆಯಿ ಒಬ್ಬಳೇ, ಎಡಗೈಯಲ್ಲಿ ತಾಟು ಹಿಡಿದು. ಈ ಚೌತಿಯೂ ತಪ್ಪಿದರೆ ಕೆಳಗಿನ ಕೇರಿ ಪೂರ್ತಿ ಕೈಬಿಟ್ಟ ಹಾಗೆ. ಉಳಿದ ಊರುಗಳು ಮೊದಲೇ ಬೈಕಿನವರ ಕೈ ಸೇರಿವೆ. "ಹೋಗ್ಲಿ ಬಿಡಿ, ಜೀವಕ್ಕಿಂತ ಕೇರಿ ದೊಡ್ದಾ?" ಎಂದು ಕುಸುಮಾ ಇವತ್ತು ಬೆಳಿಗ್ಗೆಯೂ ಹೇಳಿ ಕಳಿಸಿದ್ದಾಳೆ.

ಆದರೆ ನಿನ್ನೆ ಗಣಪತಿ ಮುಳುಗಿಸುವಲ್ಲಿ ಆಯಿ ಅವನ ತೋಳು ಹಿಡಿದು ನಿಲ್ಲಿಸಿದ್ದಳು.

"ನಾಳೆ ಸೈಕಲ್ ಹತ್ಕಂಡೇ ಇಳ್ದು ಬಾ."

"ಆಗೂದಿಲ್ಲ ಆಯಿ. ಕೈಕಾಲು ನಡುಗ್ತದೆ."

"ನಡುಗ್ಲಿ. ನಾ ಆವತ್ತು ನಿಂತಲ್ಲೇ ನಡುರಸ್ತೇಲಿ ನಿಂತಿರ್ತೆ. ಕೇರಿಯವ್ರಿಗೆಲ್ಲ ಜಗಲಿ ಇಳೀಬ್ಯಾಡಿ ಹೇಳಿದ್ದೆ."

"ಮಳ್ಳು ಹಿಡೀತಾ ನಿಂಗೆ? ಬ್ರೇಕ್ ಹೋದ್ರೆ?"

"ಹೋದ್ರೆ ಇನ್ನೊಂದು ಕೈ ಅದ್ಯಲ್ಲ," ಎಂದಳು ಆಯಿ. "ನಿನ್ ದಾರಿ ಕಾದು ಕಾದು ಒಂದು ವರ್ಷ ಐಸು ಕರಗಿದ ಮೀನು ತಿಂದೆ. ನಂಗೇ ಹೆದ್ರಿಕೆ ಇಲ್ಲ, ನಿಂಗೆಂತಕೆ?"

ಈಗ ದುರ್ಗಪ್ಪ ಗುಡ್ಡದ ತುದಿಯಲ್ಲಿದ್ದಾನೆ. ಬೆಳಗಿನ ಜಾವದ ಮಳೆಗೆ ದಾರಿ ಇನ್ನೂ ಒದ್ದೆ. ಕೆಳಗೆ ನಡುರಸ್ತೆಯಲ್ಲಿ ನೀಲಿ ಸೀರೆ, ಅದರ ಪಕ್ಕ ಮಿಂಚುವ ತಾಟು. ಜಗಲಿಗಳ ಮೇಲೆ ಹೆಂಗಸರು. ದೂರದಲ್ಲಿ ದತ್ತಾನ ಬೈಕು ತಿರುವು ದಾಟಿದ ಸದ್ದು. ದುರ್ಗಪ್ಪ ಬ್ರೇಕ್ ಮೆಲ್ಲಗೆ ಮುಟ್ಟಿ ಬಿಡುತ್ತಾನೆ, ಮುಟ್ಟಿ ಬಿಡುತ್ತಾನೆ. ಎದೆಯ ಬಡಿತ ಹ್ಯಾಂಡಲಿಗೂ ಕೇಳಿಸುವಂತಿದೆ. ಒಂದು ಕಾಲು ಪೆಡಲ್ ಮೇಲೆ. ಇನ್ನೊಂದು ನೆಲದ ಮೇಲೆ.

ಆಮೇಲೆ ಏನಾಯಿತು ಎಂದು ದುರ್ಗಪ್ಪನನ್ನು ಕೇಳಿದರೆ, "ಆಯಿನ್ನೇ ಕೇಳಿ" ಎನ್ನುತ್ತಾನೆ. ಆಯಿಯನ್ನು ಕೇಳಿದರೆ, ಕೇರಿಗೆಲ್ಲ ಧೈರ್ಯ ಹಂಚುವ ಆ ಆಯಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ. "ನಂಗೆಂತ ಗೊತ್ತು? ನಾ ಕಣ್ಣು ಮುಚ್ಕಂಡಿದ್ದೆ."

ದತ್ತಾ ಕೆಳಗಿನ ಕೇರಿಗೆ ಬಂದಾಗ ಬೆಕ್ಕುಗಳೆಲ್ಲ ಬಂಗಡೆ ತಿಂದು ಹೊಟ್ಟೆ ತುಂಬಿ ಜಗಲಿಯ ಮೇಲೆ ಮಲಗಿದ್ದವು, ಒಂದೂ ತಲೆ ಎತ್ತಲಿಲ್ಲ. ಆಯಿಯ ತಾಟಿನ ಅಂಚಿನಲ್ಲಿ ಚಕ್ರದಿಂದ ಸಿಡಿದ ಕೆಸರಿನ ಒಂದು ಹನಿ ಇತ್ತು. ಅವಳು ಅದನ್ನು ತೊಳೆದಿಲ್ಲ, ಬಂದವರಿಗೆಲ್ಲ ತೋರಿಸುತ್ತಿದ್ದಾಳೆ. ಹಾಗಾದರೆ ಸೈಕಲ್ಲು ಆಯಿಯಿಂದ ಎಷ್ಟು ದೂರದಲ್ಲಿ ನಿಂತಿತು? ನೀವೇ ಹೇಳಿ ನೋಡೋಣ.