ಪಟ್ಟಿಯಲ್ಲಿ ನಾಲ್ಕು ಹಳದಿ ಸಾಲು

ಕಂಪ್ಯೂಟರ್ ಪರದೆಯ ಮೇಲಿನ ಪಟ್ಟಿಗೆ ಬಣ್ಣ ಹಚ್ಚುವುದೆಂದರೆ ನನಗೆ ಇವತ್ತಿಗೂ ಹೇಸಿಗೆ. ತೊಂಬತ್ತರ ದಶಕದ ಕೊನೆಯಲ್ಲಿ ಆಂಡರ್ಸನ್‌ಪೇಟೆಯ ಸಣ್ಣ ಮಳಿಗೆಯೊಂದರಲ್ಲಿ ಕೂತು ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ಬೂದಿಕೋಟೆ ರಸ್ತೆಯ ಒಂದು ಊರಿನ ಹಾಲಿನ ಡೈರಿಗೆ ಕಂಪ್ಯೂಟರ್ ಬಂದಿತ್ತು. ಹಾಲು ಹಾಕುವವರ ನಂಬರು, ಹೆಸರು, ಲೀಟರು ಒಂದು ಪಟ್ಟಿಯಲ್ಲಿ ಕಾಣಬೇಕು, ಅಷ್ಟೇ ಕೆಲಸ. ಮುಗಿಸಿ ಕೊಟ್ಟೆ.

ಆಮೇಲೆ ಅಲ್ಲಿನ ಕಾರ್ಯದರ್ಶಿ ಹೊಸ ರಾಗ ತೆಗೆದ.

"ಈ ನಾಕು ನಂಬರ್‌ಗೆ ಮಾತ್ರ ಅಳದಿ ಬಣ್ಣ ಆಕ್ಕೊಡಿ ಸಾರ್. ಆಲು ಅಳೆಯೋನು ಒಸಬ, ಗುರ್ತು ಸಿಕ್ಕಲ್ಲ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಆಗಿನ ಪಟ್ಟಿಗೆ ಇಡಿಯಾಗಿ ಒಂದು ಬಣ್ಣ ಕೊಡಬಹುದಿತ್ತು. ಒಂದೊಂದು ಸಾಲಿಗೆ ಬೇರೆ ಬೇಕೆಂದರೆ ಪ್ರತಿ ಸಾಲನ್ನೂ ನಾವೇ ಬಿಡಿಸಬೇಕು: ಮೊದಲು ಹಿನ್ನೆಲೆ, ಅದರ ಮೇಲೆ ಅಕ್ಷರ. ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದರೆ ಹಳದಿ ಇನ್ಯಾರದೋ ಹೆಸರಿನ ಮೇಲೆ ಹೋಗಿ ಕೂರುತ್ತಿತ್ತು. ಹಾಳಾದ್ದು, ತಲೆ ಚಿಟ್ಟು ಹಿಡಿಸಿತು. ಕೊನೆಗೂ ಬಣ್ಣ ನೆಟ್ಟಗೆ ನಿಂತಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದನ್ನು ಡೈರಿಯಲ್ಲಿ ಹಾಕಿಕೊಟ್ಟ ಬೆಳಿಗ್ಗೆ, ಊರಾಚೆಯ ಕೇರಿಯ ಹೆಂಗಸೊಬ್ಬರು ಹಾಲು ತಂದರು. ಕೂಲಿ ಮಾಡಿ ಹೊಸದಾಗಿ ಸೀಮೆಹಸು ಕಟ್ಟಿದ್ದರಂತೆ. ಕಿಟಕಿಯಲ್ಲಿ ಇಣುಕಿ ಹಿಗ್ಗಿನಿಂದ ಕೇಳಿದರು:

"ಅಣ್ಣಾ, ನನ್ ನಂಬರ್ ಅಳದಿಯಾಗೈತಲ್ಲ, ನನ್ನಾಲು ಗಟ್ಟಿ ಅಂತಾನಾ?"

ನನಗೂ ಗೊತ್ತಿರಲಿಲ್ಲ. ಅವರು ಹೋದ ಮೇಲೆ ಕಾರ್ಯದರ್ಶಿಯನ್ನು ಕೇಳಿದೆ. ಅವನು ನಕ್ಕ.

"ಆ ಕೇರಿಯೋರ ಆಲು ಲಾರಿ ಕ್ಯಾನಿಗೆ ಸಾರ್. ಲಾರಿ ಅತ್ತಿದ್ಮೇಲೆ ಯಾವನಿಗ್ ಗೊತ್ತಾಗ್ತೈತೆ? ಊರ್ನೋರು ಕೊಂಡ್ಕೊಂಡೋಗೋ ಕ್ಯಾನಿಗೆ ಸೇರ್ಬಾರ್ದು, ಅಷ್ಟೇ."

ಎದುರಿಗಿಟ್ಟಿದ್ದ ಕಾಫಿಯನ್ನು ಮುಟ್ಟಲಿಲ್ಲ. ಥೂ, ಇದಕ್ಕಾ ನಾನು ನಿದ್ದೆಗೆಟ್ಟು ಕೂತಿದ್ದು! ಫ್ಲಾಪಿಯಲ್ಲಿದ್ದ ಬಣ್ಣವಿಲ್ಲದ ಹಳೆಯ ಪ್ರೋಗ್ರಾಮನ್ನೇ ಮತ್ತೆ ಕಂಪ್ಯೂಟರಿಗೆ ತುಂಬಿಸಿದೆ. ಏನೋ ರಿಪೇರಿ ಮಾಡುತ್ತಿದ್ದಾನೆ ಎಂದುಕೊಂಡು ಕಾರ್ಯದರ್ಶಿ ಸುಮ್ಮನಿದ್ದ. ಬೇಕೆಂದೇ ಸಂಜೆಯವರೆಗೂ ಅಲ್ಲೇ ಉಳಿದೆ.

ಸಂಜೆಯ ಹಾಲಿಗೆ ಆಕೆ ಮತ್ತೆ ಬಂದರು. ಅಳೆಯುವವನು ಪರದೆ ನೋಡಿದ. ಹಳದಿ ಇಲ್ಲ. ಅವರ ಹಾಲನ್ನು ಊರಿನ ಕ್ಯಾನಿಗೆ ಸುರಿದುಬಿಟ್ಟ. ಕಾರ್ಯದರ್ಶಿ ಎದ್ದುಬಿದ್ದು ಓಡಿಬಂದ.

"ಲೇ, ಕೆಡಿಸ್ಬುಟ್ಟೆ ಕಣ್ಲಾ! ಆ ಕೇರೀದು ಅದಕ್ಯಾಕ್ಲಾ ಉಯ್ದೆ? ಇಡೀ ಕ್ಯಾನು ಲಾರಿಗಾಕು!"

ಆಕೆಯ ಎದುರಿಗೇ ಕಿರುಚಿದ. ನಾಚಿಕೆಗೆಟ್ಟವನು.

ಆಕೆಗೆ ಎಲ್ಲ ಅರ್ಥವಾಯಿತು. ಮುಖ ಸಣ್ಣಗಾಯಿತು, ಆದರೆ ಅಲ್ಲಿಂದ ಕದಲಲಿಲ್ಲ. ಖಾಲಿ ಪಾತ್ರೆಯನ್ನು ಅವನ ಮುಂದೆ ಚಾಚಿದರು.

"ಅದ್ರಾಗೆ ನನ್ನಾಲು ಯಾವ್ದೋ ಅದ್ನ ತಗ್ದು ಕೊಟ್ಬುಡಿ. ಓಯ್ತೀನಿ."

ಕಾರ್ಯದರ್ಶಿ ಕ್ಯಾನಿನೊಳಗೆ ಬಗ್ಗಿ ನೋಡಿದ. ನೋಡುತ್ತಲೇ ಇದ್ದ.